ಪೇಶ್ಕಾರರ ಗೋಡೆಯ ಕಾಳಗ

೧೦ ಫೆಬ್ರವರಿ ೧೯೪೧, ಸೋಮವಾರ

ಪರವಾನಗಿ ಸಿಕ್ಕಿತು, ಆದರೆ ಹೊಸ ಪೇಚಿಗೆ ಬಿದ್ದೆ.

ತಳಕಲ್ಲು ಊರಿನಲ್ಲಿ ಕಥೆ ಹೇಳಲು ಅನುಮತಿ ಕೇಳಿ ಇವತ್ತು ತಾಲೂಕು ಕಚೇರಿಗೆ ಹೋಗಿದ್ದೆ. ಜನ ಕೂಡಿಸುವುದು ಬೇಡ ಎಂದರು ಪೇಶ್ಕಾರ ಸಾಹೇಬರು. ಅವರ ಹಿಂದಿನ ಗೋಡೆಯ ಮೇಲೆ ಯಾವುದೋ ಹಳೆಯ ಯುದ್ಧದ ದೊಡ್ಡ ಚಿತ್ರ, ಎಡಕ್ಕೊಬ್ಬ ರಾಜ, ಬಲಕ್ಕೊಬ್ಬ ರಾಜ. ಯಾರ ಯುದ್ಧವೆಂದು ಅಲ್ಲಿ ಯಾರಿಗೂ ತಿಳಿಯದು.

"ಕಥಿಗಾರ ಅಂತೀಯಲ್ಲ, ಇದರ ಕಥಿ ಹೇಳು ನೋಡೋಣು."

"ಹೂಂ ಅನ್ನೋರು ಇಲ್ದ ಕಥಿ ನಡಿಯಂಗಿಲ್ರಿ. ನೀವ ಅನ್ರಿ."

ಸಾಹೇಬರು ನಕ್ಕು ಒಪ್ಪಿದರು. ಕುದುರೆ ಓಡಿಸಿದೆ, ಹೂಂ. ತೋಪು ಹಾರಿಸಿದೆ, ಹೂಂ. ಜವಾನ ಓಬಳೆಪ್ಪ ಚಹಾ ಹಿಡಿದು ನಿಂತೇಬಿಟ್ಟ. ಇಬ್ಬರು ರಾಜರೂ ಕತ್ತಿ ಎತ್ತಿದಾಗ ನಾನು ಸುಮ್ಮನಾದೆ.

"ಮುಂದೇನಾತೋ ಮಾರಾಯ?"

"ಮುಂದಿಂದು ತಳಕಲ್ಲಾಗ್ರಿ."

"ಭಾಳ ಶಾಣ್ಯಾ ಅದೀ!" ಎಂದು ರುಜು ಹಾಕಿದರು. ಶನಿವಾರ ಕೇಳಲು ತಾವೇ ಬರುತ್ತಾರಂತೆ, ಓಬಳೆಪ್ಪನೂ ಜೊತೆಗೆ.

ಎಡಗಡೆಯ ರಾಜ ಗೆಲ್ಲಬೇಕೆಂದು ಸಾಹೇಬರ ಆಸೆ. ಓಬಳೆಪ್ಪ ಬಾಗಿಲಲ್ಲಿ ನನ್ನ ಅಂಗಿ ಹಿಡಿದ: "ಬಲಗಡಿಯಾವ ಸೋತ್ರ, ಮತ್ತ ಕಚೇರಿ ಒಳಗ ಹೆಂಗ ಬರ್ತೀ ನೋಡ್ತೀನಿ!"

ಇಬ್ಬರನ್ನೂ ಒಬ್ಬ ತಾಯಿಯ ಮಕ್ಕಳು ಮಾಡಿಬಿಡಲೆ? ಅವ್ವ ಬುತ್ತಿ ಹೊತ್ತು ರಣದೊಳಗೆ ಬಂದು, "ಕತ್ತಿ ಕೆಳಗ ಇಡ್ರೋ, ಮೊದಲ ಉಣ್ರಿ" ಅನ್ನಲಿ. ಚಿತ್ರದಲ್ಲಿ ಒಬ್ಬ ಹೆಂಗಸೂ ಇಲ್ಲ. ಇರಲಿ, ಇನ್ನೂ ಹಾದಿಯಲ್ಲಿದ್ದಾಳೆ ಎಂದರಾಯಿತು.