ಮಲ್ಲಿಗೆಯ ಮೇಲೊಂದು ಹೆಲ್ಮೆಟ್

ಹಿರಿಯಡ್ಕ
18 ನವೆಂಬರ್ 2025

ಪ್ರೀತಿಯ ದೀಕ್ಷಿತಾಳ ಅಪ್ಪನಿಗೆ ಸ್ವರ್ಣಲತಾಳ ನಮಸ್ಕಾರ.

ನಿಮ್ಮ ಬೆನ್ನುನೋವು ಹೇಗುಂಟು? ಮಸ್ಕತ್ತಿನ ಸೆಕೆ ಈಗಲಾದರೂ ಇಳಿದಿದೆಯೇ? ರಜೆ ಮುಗಿಸಿ ಮಸ್ಕತ್ತಿಗೆ ಹೊರಟ ನಿಮ್ಮ ಗೆಳೆಯ ಲಿಯೋನೆಲ್ ಕೈಯಲ್ಲಿ ಹಪ್ಪಳದ ಕಟ್ಟಿನೊಟ್ಟಿಗೆ ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಗಳ ಬೈಕಿನ ಮಾತೆತ್ತಿದರೆ ನೀವು ನನ್ನನ್ನು ಮಾತು ಮುಗಿಸಲು ಬಿಡುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ನಿಮ್ಮಿಂದಾಗದು!

ಮಗಳು ಕರಿ ಜಾಕೆಟ್, ಮೊಣಕಾಲಿಗೆ ಗಾರ್ಡ್, ದೊಡ್ಡ ಬೂಟು ಹಾಕಿ ಮಣಿಪಾಲಕ್ಕೆ ಕೆಲಸಕ್ಕೆ ಹೊರಡುವುದನ್ನು ನೋಡಿ ಕಾರ್ಕಳದ ನನ್ನ ವಾರಿಜಕ್ಕ, "ಎಂತ ಮಾರಾಯ್ತಿ, ದರೋಡೆಗೆ ಹೊರಟ ವೇಷವಾ ಇದು?" ಎಂದಿದ್ದಳು. "ಊರವರು ಏನೆಂದುಕೊಂಡಾರು, ಆ ವೇಷ ಬಿಡಲಿಕ್ಕೆ ಹೇಳು" ಎಂದು ನೀವೂ ಹೇಳಿದಿರಿ. ಈಗ ನಡೆದದ್ದು ಕೇಳಿ.

ಆದಿತ್ಯವಾರ ವಾರಿಜಕ್ಕನ ಮಗಳ ಸೀಮಂತ. ನಾನು ಬಸ್ಸಿಗೆ ಹೊರಟಿದ್ದೆ. "ನನ್ನೊಟ್ಟಿಗೆ ಬಾ ಅಮ್ಮ. ಆದರೆ ಜಾಕೆಟ್ ಹಾಕದಿದ್ದರೆ ಹತ್ತಿಸುವುದಿಲ್ಲ" ಎಂದಳು ಮಗಳು. ರೇಷ್ಮೆ ಸೀರೆ ಚೀಲ ಸೇರಿತು. ಚೂಡಿದಾರದ ಮೇಲೆ ಅವಳ ಗೆಳತಿ ಮೋಕ್ಷಾಳ ಜಾಕೆಟ್, ಮುಡಿದ ಮಲ್ಲಿಗೆಯ ಮೇಲೆ ಹೆಲ್ಮೆಟ್! ಕನ್ನಡಿ ನೋಡಿ ನನಗೇ ನಗು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಗಾಳಿ, ಕೊಯ್ದ ಗದ್ದೆಯ ವಾಸನೆ. ಇಷ್ಟು ವರ್ಷ ಬಸ್ಸಿನಲ್ಲಿ ತೂಕಡಿಸುತ್ತಾ ಹೋದದ್ದು ಇದೇ ರಸ್ತೆಯಲ್ಲೇನಾ ಅನ್ನಿಸಿತು.

ಬೈಲೂರು ದಾಟಿದ ಮೇಲೆ ತಿರುವಿನಲ್ಲಿ ಒಂದು ಕರು ಅಡ್ಡ ಬಂತು. ಮಗಳು ಬ್ರೇಕ್ ಹಿಡಿದಳು, ಚಕ್ರ ಜಲ್ಲಿಯ ಮೇಲೆ ಜಾರಿ ಇಬ್ಬರೂ ಬಿದ್ದೆವು. ಗಾಬರಿಯಾಗಬೇಡಿ, ಇಬ್ಬರಿಗೂ ಏನೂ ಆಗಿಲ್ಲ, ಕರುವಿಗೂ ಇಲ್ಲ. ಡಾಮರಿಗೆ ಉಜ್ಜಿ ನನ್ನ ಜಾಕೆಟಿನ ತೋಳು ಹರಿದಿದೆ. ಒಳಗೆ ಕೈಗೆ ಒಂದು ಗೀರೂ ಇಲ್ಲ. ಓಡಿ ಬಂದವರಲ್ಲಿ ಒಬ್ಬರು, "ಈ ಬೈಕಿನ ಹುಡುಗರಿಗೆ ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ" ಎಂದು ಬೈಯತೊಡಗಿದರು. ನಾನು ಹೆಲ್ಮೆಟ್ ತೆಗೆದೆ. ನರೆತ ಕೂದಲು, ಚಪ್ಪಟೆಯಾದ ಮಲ್ಲಿಗೆ! ಅವರು ಹರಿದ ತೋಳನ್ನೊಮ್ಮೆ ಬಗ್ಗಿ ನೋಡಿ, ಮೆಲ್ಲಗೆ, "ಅಮ್ಮಾ, ಈ ಜಾಕೆಟ್ ಎಲ್ಲಿ ಸಿಗ್ತದೆ? ನನ್ನ ಹೆಂಡತಿ ದಿನಾ ಸ್ಕೂಟರಿನಲ್ಲಿ ಹೋಗುವುದು" ಎಂದು ಕೇಳಿದರು.

ಸೀಮಂತದಲ್ಲಿ ಬಸುರಿಗಿಂತ ಹೆಚ್ಚು ಫೋಟೋ ನನ್ನದೇ ಆಯಿತು ನೋಡಿ. ವಾರಿಜಕ್ಕ ಹರಿದ ತೋಳನ್ನು ಮುಟ್ಟಿ ಮುಟ್ಟಿ ನೋಡಿ, ದೀಕ್ಷಿತಾಳನ್ನು ತಬ್ಬಿಕೊಂಡಳು. ಮತ್ತೆ ತಾನೇ ಆ ಜಾಕೆಟ್ ತೊಟ್ಟು, ಮೇಲೆ ಸೆರಗು ಹೊದ್ದು ಫೋಟೋಗೆ ನಿಂತಳು!

ನೀವು ಕೆಲಸದ ಜಾಗದಲ್ಲಿ ಹಳದಿ ಹೆಲ್ಮೆಟ್, ಬೂಟು ಹಾಕಿ ನಿಂತ ಫೋಟೋವನ್ನು ನಾನು ಚಾವಡಿಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತೇನಲ್ಲ? ಜಾಕೆಟ್, ಬೂಟು ಹಾಕಿ ನಿಂತ ಮಗಳ ಫೋಟೋವನ್ನೂ ಅದರ ಪಕ್ಕದಲ್ಲೇ ಹಾಕಿದ್ದೇನೆ. ಇಬ್ಬರ ನಿಲುವೂ ಒಂದೇ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪೆರ್ಡೂರಿನ ಅನಂತಪದ್ಮನಾಭ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸ್ವರ್ಣಲತಾ

ತಾ.ಕ.: ಮಗಳಿಗೆ ಹೇಳದೆ ಬೈಕ್ ಮಾರಲು ನೀವು ಗೊತ್ತು ಮಾಡಿದ ಕಾಪುವಿನ ಧನರಾಜ್ ನಿನ್ನೆ ಬಂದಿದ್ದರು. ಚಹಾ ಕೊಟ್ಟು, ಮಾರುವುದಿಲ್ಲವೆಂದು ಹೇಳಿ ಕಳುಹಿಸಿದೆ. ಮಗಳಿಗೆ ಈ ವಿಷಯ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಲಿಯೋನೆಲ್ ಅವಸರ ಮಾಡುತ್ತಿದ್ದಾನೆ. ರಜೆಗೆ ಬರುವಾಗ ನನ್ನ ಅಳತೆಯ ಒಂದು ಜಾಕೆಟ್ ತನ್ನಿ. ಕರಿ ಬೇಡ, ಕೆಂಪು.