ಬಲ ಚಕ್ರ ನನ್ನದು

ಜೂನ್ ಆರು, ಶುಕ್ರವಾರ

ಎಡ ಚಕ್ರದ ಯಜಮಾನರಿಗೆ, ಬಲ ಚಕ್ರದ ಒಡತಿ ಬರೆಯುತ್ತಿರುವುದು.

ಕ್ಷೇಮ ಸಮಾಚಾರ ಕೇಳುವ ಶಾಸ್ತ್ರ ನಮ್ಮಿಬ್ಬರ ನಡುವೆ ಮುಗಿದು ಎರಡು ವರ್ಷವಾಯಿತು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಸೋಮವಾರದಿಂದ ನಿಮ್ಮ ಸರದಿ, ಆದರೆ ಟ್ರಾಕ್ಟರ್ ಸಿಗುವುದಿಲ್ಲ. ಬಲಗಡೆಯ ಹಿಂದಿನ ಚಕ್ರ ಬಿಚ್ಚಿಸಿ, ಅಡುಗೆಮನೆಯ ಬಾಗಿಲ ಪಕ್ಕ ಒರಗಿಸಿ, ಸರಪಳಿ ಹಾಕಿ ಬೀಗ ಜಡಿದಿದ್ದೇನೆ. ಟ್ರಾಕ್ಟರ್ ಶೆಡ್ಡಿನಲ್ಲಿ ಮರದ ದಿಮ್ಮಿಯ ಮೇಲೆ ಕೂತಿದೆ. ಅಕ್ಷರ ಸೊಟ್ಟಗಿದೆ ಎಂದು ಹುಬ್ಬು ಹಾರಿಸಬೇಡಿ, ಸಿಟ್ಟಿನಲ್ಲಿ ಬರೆದರೆ ಹೀಗೇ ಆಗುವುದು.

ವಕೀಲರ ಮುಂದೆ ಕೂತು ಹೊಲ ಹಂಚಿಕೊಂಡೆವು. ತಗ್ಗಿನ ಜವುಗು ನೆಲ ನಿಮಗೆ, ಮೇಲಿನ ತರಕಾರಿ ತಾಕು ನನಗೆ. ಟ್ರಾಕ್ಟರನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ನಮ್ಮ ಮದುವೆಗಿಂತ ಇಪ್ಪತ್ತು ವರ್ಷ ಹಳೆಯದು, ಗುಜರಿಯಿಂದ ಎಳೆದುಕೊಂಡು ಬಂದು ಇಬ್ಬರೂ ಸೇರಿ ಜೀವ ತುಂಬಿದ್ದು. ವಾರಕ್ಕೊಬ್ಬರ ಸರದಿ, ಹಿಂದಿನ ಎಡ ಚಕ್ರದ ಜವಾಬ್ದಾರಿ ನಿಮ್ಮದು, ಬಲ ಚಕ್ರದ್ದು ನನ್ನದು ಎಂದು ನೀವು ಬರೆಸಿದಾಗ ವಕೀಲರು ಕನ್ನಡಕ ತೆಗೆದು ನಮ್ಮಿಬ್ಬರ ಮುಖ ನೋಡಿದರು. ಆಗಲೇ ನಾಚಿಕೆಯಾಗಬೇಕಿತ್ತು. ನನ್ನನ್ನು ಬಿಟ್ಟು ಹೋಗಲು ನಿಮಗೆ ಅರ್ಧ ಗಂಟೆ ಸಾಕಾಯಿತು, ಟ್ರಾಕ್ಟರಿಗಾಗಿ ಮೂರು ದಿನ ಜಗಳವಾಡಿದಿರಿ.

ಹಿಂದಿನ ಟೈರುಗಳು ಬಿರುಕು ಬಿಟ್ಟು ಒಳಗಿನ ದಾರ ಕಾಣತೊಡಗಿದಾಗ ನಾನು ಫೋನ್ ಮಾಡಿದೆ. ಎರಡೂ ಒಂದೇ ಅಳತೆಯವು ಬೇಕು, ಕೂತು ಮಾತಾಡೋಣ ಎಂದೆ. ನೀವು "ನಂಗೆಲ್ಲಾ ಗೊತ್ತು, ನಿನ್ನ ಪಾಡಿಗೆ ನೀನಿರು" ಎಂದು ಫೋನ್ ಕುಕ್ಕಿದಿರಿ. ಎಲ್ಲಾ ಗೊತ್ತಿದ್ದವರು ಮಾಡಿದ್ದೇನು? ಯಾವುದೋ ದೊಡ್ಡ ಟ್ರಾಕ್ಟರಿನಿಂದ ಕಳಚಿದ ಹನ್ನೊಂದು ಇಂಚು ಅಗಲದ ಟೈರನ್ನು ಎಡಗಡೆಗೆ ತುರುಕಿದಿರಿ. ಜವುಗಿನಲ್ಲಿ ಹೂತುಕೊಳ್ಳುವುದಿಲ್ಲವಂತೆ! ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಬಣ್ಣ ಹೋಗಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ನನ್ನ ಎಲೆಕೋಸಿನ ಸಾಲುಗಳ ನಡುವೆ ಆ ಆನೆಕಾಲು ಓಡಾಡಿದ್ದಕ್ಕೆ ಒಂದಿಡೀ ಸಾಲು ನೆಲಸಮವಾಯಿತು.

ನಾನೂ ಬಿಡಲಿಲ್ಲ. ಆ ವಾರವೇ ಎಂಟು ಇಂಚಿನ ಸಪೂರ ಟೈರು ತಂದು ಬಲಗಡೆಗೆ ಹಾಕಿಸಿದೆ. ಟೈರ್ ಅಂಗಡಿಯವರು ಬೇಡವೆಂದು ಬೇಡಿಕೊಂಡರು. "ಅಕ್ಕಾ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಹಾಕ್ಕೊಂಡು ಯಾರಾದ್ರೂ ನಡೀತಾರಾ? ಎಡಗಡೆ ಎರಡೂವರೆ ಇಂಚು ಎತ್ತರ ಬರುತ್ತೆ. ಒಳಗಿನ ಗೇರು ಹಾಳಾಗುತ್ತೆ, ಗಾಡಿ ವಾಲುತ್ತೆ" ಎಂದರು. ಹಾಕಿ ಅಂದರೆ ಹಾಕಿ ಎಂದು ರೇಗಿದೆ. ಇದರಲ್ಲಿ ನನ್ನದೂ ಒಂದು ಹಿಡಿ ತಪ್ಪಿದೆ. ನಿಮ್ಮದು ಒಂದು ಗಾಡಿ ತುಂಬ ಇದೆ, ಲೆಕ್ಕ ಸರಿಮಾಡಲು ಬರಬೇಡಿ.

ಈಗ ನಾನು ಹೇಳುವುದನ್ನು ಒಂದು ಸಲವಾದರೂ ಕಿವಿಗೆ ಹಾಕಿಕೊಳ್ಳಿ. ಎರಡೂ ಕಡೆ ಎಂಟು ಇಂಚಿನ ಟೈರೇ ಇರಲಿ. ಈ ಪುಟ್ಟ ಟ್ರಾಕ್ಟರ್ ಹುಟ್ಟಿದ್ದೇ ಆ ಅಳತೆಯ ಜೊತೆ. ನಿಮ್ಮ ಜವುಗಿಗೆ ಹಿಡಿತ ಸಾಲದು ಎಂದರೆ ಟ್ಯೂಬಿನ ಮುಕ್ಕಾಲು ಭಾಗ ನೀರು ತುಂಬಿಸಿ, ಆ ಭಾರಕ್ಕೆ ಟೈರು ಮಣ್ಣು ಕಚ್ಚುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಯಾರು? ಮದುವೆಯಾದ ವರ್ಷ ಇದೇ ಅಂಗಳದಲ್ಲಿ ಪೈಪು ಹಿಡಿದು ನೀವೇ ಹೇಳಿಕೊಟ್ಟಿರಿ, ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ನನಗೆ ಹೇಳಿಕೊಟ್ಟದ್ದನ್ನೆಲ್ಲ ಮರೆಯುವುದು ನಿಮಗೆ ಬಂದ ಹಾಗೆ ನನಗೆ ಬರಲಿಲ್ಲ.

ಟೈರ್ ಅಂಗಡಿಯವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ನನ್ನದಕ್ಕೆ ಜೋಡಿಯಾಗುವ ಟೈರನ್ನು ಅವರು ತೆಗೆದಿಟ್ಟಿದ್ದಾರೆ. ಒಪ್ಪಿಗೆಯಿದ್ದರೆ ಅವರಿಗೆ ಹೇಳಿ. ಇಲ್ಲದಿದ್ದರೆ ವಕೀಲರ ಹತ್ತಿರ ಹೋಗಿ, ನ್ಯಾಯಾಲಯಕ್ಕೇ ಹೋಗಿ. ನಾನು ಬಲ ಚಕ್ರವನ್ನು ಅಲ್ಲಿಗೂ ಉರುಳಿಸಿಕೊಂಡು ಬರುತ್ತೇನೆ. ಜೋಡಿ ಸರಿಹೋಗುವವರೆಗೆ ಬೀಗದ ಕೈ ಕೊಡುವುದಿಲ್ಲ. ಬೈದರೂ ಕೊಡುವುದಿಲ್ಲ.

ಒಪ್ಪಂದದ ಪ್ರಕಾರ ಅರ್ಧ ಟ್ರಾಕ್ಟರಿಗೆ ಮಾತ್ರ ನಿಮ್ಮವಳಾದ,
ಬಲ ಚಕ್ರದ ಒಡತಿ

ತಾ.ಕ.: ಅಂಗಡಿಯವರು ಹೇಗೂ ಬಾಯಿ ಬಿಡುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಅಕ್ಷರ ಸೊಟ್ಟಗಿರುವುದು ಸಿಟ್ಟಿನಿಂದಲ್ಲ, ಇದು ಎಡಗೈಯ ಬರಹ. ಬುಧವಾರ ಕಾಲುವೆ ಏರಿಯ ಮೇಲೆ ಟ್ರಾಕ್ಟರ್ ಬಲಕ್ಕೆ ವಾಲಿತು. ನಾನು ಕೆಳಗೆ ಹಾರಿಕೊಂಡೆ, ಬಲಗೈಯ ಮಣಿಕಟ್ಟು ಮುರಿಯಿತು. ಟ್ರಾಕ್ಟರ್ ತೂಬಿನ ಕಲ್ಲಿಗೆ ಒರಗಿ ನಿಂತಿತು, ಅದಕ್ಕೇನೂ ಆಗಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳೇ ಅಂಗಡಿಯವರನ್ನು ಕರೆಸಿ ಅದನ್ನು ಶೆಡ್ಡಿಗೆ ಎಳೆಸಿ ಚಕ್ರ ಬಿಚ್ಚಿಸಿದೆ. ಸೋಮವಾರ ಅದೇ ಏರಿಯ ಮೇಲೆ ಹೋಗಬೇಕಿದ್ದವರು ನೀವು. ಹಿಂದೊಮ್ಮೆ ಬ್ರೇಕ್ ಕೈಕೊಟ್ಟಾಗ ನಾನು ಎಷ್ಟು ಕೂಗಿಕೊಂಡರೂ ನೀವು ಇಳಿಯಲಿಲ್ಲ. ಈಗಲೂ ಹಾರುತ್ತಿರಲಿಲ್ಲ, ಸ್ಟೇರಿಂಗ್ ಹಿಡಿದೇ ಕೂತಿರುತ್ತಿದ್ದಿರಿ.