ಒಂದು ಗೋಡೆಯಷ್ಟು ಬಟ್ಟೆ

ಹದಿನೇಳನೇ ತಾರೀಖು, ಭಾನುವಾರ
ಮಧ್ಯಾಹ್ನ ಮೂರು ಗಂಟೆ

ನನ್ನ ಚಿಂದಿರಾಣಿಗೆ,

ನಾನು ಕ್ಷೇಮ. ನೀನೂ ಗುಬ್ಬಿಯೂ ಹೇಗಿದ್ದೀರಿ ಎಂದು ದಿನಾ ಫೋನಿನಲ್ಲಿ ಕೇಳುತ್ತಿದ್ದರೂ ಕಾಗದದಲ್ಲಿ ಮತ್ತೆ ಕೇಳುತ್ತಿದ್ದೇನೆ. ಫೋನಿನಲ್ಲಿ ನೀನು "ಚೆನ್ನಾಗಿದ್ದೀವಿ ರೀ" ಅನ್ನುವಾಗ ಮಗಳು ಪಕ್ಕದಲ್ಲೇ ಕಾಲು ಚಾಚಿಕೊಂಡು ಮಲಗಿರುತ್ತಾಳೆ, ಬೇರೆ ಏನು ತಾನೇ ಹೇಳುತ್ತೀಯ.

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನ ಆಯಿತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಕನ್ನಡಕ ಮುರಿದಿತ್ತು, ಪೆನ್ನು ಕೆಟ್ಟಿತ್ತು ಎಂದು ಬರೆಯಬಹುದು. ಮೂವತ್ತಾರು ವರ್ಷದಿಂದ ನನ್ನ ನೆಪಗಳನ್ನೆಲ್ಲ ಬಲ್ಲವಳು ನೀನು, ಎರಡನೇ ಸಾಲಿಗೇ ನಗುತ್ತೀಯ. ನಿಜ ಹೇಳಬೇಕೆಂದರೆ ನಾಲ್ಕು ಸಲ ಕೂತು ಬರೆದು ನಾಲ್ಕು ಸಲ ಹರಿದುಹಾಕಿದೆ.

ನಿನ್ನ ಕಾಗದ ದಿಂಬಿನ ಕೆಳಗಿದೆ. ಒಂದೇ ಕೋಣೆಯಲ್ಲಿ ಗುಟ್ಟು ಮಾತಾಡುವುದು ಹೇಗೆ, ಅದಕ್ಕೇ ಬರೆಯುತ್ತಿದ್ದೇನೆ ಎಂದು ನೀನು ಶುರು ಮಾಡಿದ್ದೆ. ಪ್ಲಾಸ್ಟರು ಬಿಚ್ಚಿದ ಮೇಲೂ ಗುಬ್ಬಿ ಆ ಕಬ್ಬಿಣದ ಸುರುಳಿ ಮೆಟ್ಟಿಲು ಹತ್ತಿ ಇಳಿಯುವ ಹಾಗಿಲ್ಲ, ಇನ್ನೊಂದು ಸಲ ಜಾರಿದರೆ ಕಾಲು ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮನೆಗೆ ಬಾ ಮಗಳೇ ಎಂದು ನೀನು ಕರೆದೆಯಂತೆ. ಅದಕ್ಕೆ ಅವಳು, "ಅಲ್ಲಿ ನನಗೆಲ್ಲಮ್ಮ ಜಾಗ? ನಿನ್ನ ಬಟ್ಟೆಗೇ ಸಾಲಲ್ಲ" ಅಂದಳಂತೆ. ಬಿಸಿನೀರಿನ ಪಾತ್ರೆ ಹಿಡಿದುಕೊಂಡು ಹಾಗೇ ನಿಂತೆ, ಇವಳ ಬಾಯಲ್ಲಿ ಇಂಥ ಮಾತು ಎಲ್ಲಿಂದ ಬಂತು ಎಂದು ಬರೆದಿದ್ದೀಯ. ಅದರ ಕೆಳಗೆ ಗೀಟು ಎಳೆದು, ನಾನು ಬರುವಷ್ಟರಲ್ಲಿ ಕೌದಿ ಹೊಲಿಯಲೆಂದು ಕೂಡಿಸಿಟ್ಟ ಆ ಬಟ್ಟೆಯನ್ನೆಲ್ಲ ಹಾಸಿಗೆ ತುಂಬುವವನಿಗೆ ಕೊಟ್ಟುಬಿಡಿ, ಒಂದು ಎಳೆ ದಾರವೂ ಮನೆಯಲ್ಲಿ ಉಳಿಯಬಾರದು ಎಂದಿದ್ದೀಯ.

ನಿನ್ನ ಮಾತಿನಂತೆ ಕರೆಸಿದೆ. ಗಾಡಿ ತಂದು, ಗುಬ್ಬಿಯ ಹಳೇ ಕೋಣೆಯ ರಾಶಿಯಿಂದ ಮೂರು ಗೋಣಿಚೀಲ ತುಂಬಿದ. ನಾಲ್ಕನೆಯದಕ್ಕೆ ಕೈ ಹಾಕಿದಾಗ, ನೀನು ಅರ್ಧ ಹೊಲಿದು ಬಿಟ್ಟ ನೀಲಿ ಕೌದಿ ಬಂತು, ಸೂಜಿ ಇನ್ನೂ ಅದರಲ್ಲೇ ಇತ್ತು. ಅವನ ಬೆರಳಿಗೆ ಚುಚ್ಚಿತು. ಬೇಡಪ್ಪ, ಎಲ್ಲ ಸುರಿದು ಹೋಗು ಎಂದೆ. ಆತ ಬಾಯಿಗೆ ಬಂದಂತೆ ಬೈದ. ಬೈಸಿಕೊಂಡೆ, ನನಗೆ ಅದು ಬೇಕಾಗಿತ್ತು.

ಮರುದಿನದಿಂದ ವಿಂಗಡಿಸಲು ಕೂತೆ. ಮೊದಲು ಎಲ್ಲೆಲ್ಲಿದೆಯೋ ಅದನ್ನೆಲ್ಲ ಒಂದು ಕಡೆ ತರಬೇಕಲ್ಲ. ಮಹರಾಯ್ತಿ, ನೀನು ಬಟ್ಟೆ ಬಚ್ಚಿಟ್ಟ ಜಾಗಗಳನ್ನು ಕಂಡು ದಂಗಾಗಿ ಹೋದೆ. ಸೂಟ್‌ಕೇಸಿನಲ್ಲಿ, ಕೆಟ್ಟುಹೋದ ಫ್ರಿಜ್ಜಿನೊಳಗೆ, ಟಿವಿಯ ಹಳೇ ಡಬ್ಬದಲ್ಲಿ ಇರುತ್ತದೆಂದು ಗೊತ್ತಿತ್ತು. ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಏಳು ತುಂಡು ಹೂವಿನ ಚೀಟಿ ಬಟ್ಟೆ! ಎರಡು ವರ್ಷದಿಂದ ಅದನ್ನು ಹೊತ್ತುಕೊಂಡು ನಾನೇ ಊರೆಲ್ಲ ತಿರುಗಿದ್ದೇನೆ. ನೀನು ಸೊಪ್ಪಿನ ಕೆಳಗೆ ಅಡಗಿಸಿ ತರುತ್ತಿದ್ದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಅದು ನಿನಗೂ ಗೊತ್ತಿತ್ತು.

ಮೂವತ್ತನಾಲ್ಕು ವರ್ಷ ಪಂಪು ಕಾರ್ಖಾನೆಯ ಉಗ್ರಾಣ ನೋಡಿಕೊಂಡವನಿಗೆ ಇದೇನು ಮಹಾ ಎಂದು ಹೊರಟೆ. ಒಂದೊಂದು ತುಂಡಿಗೂ ನಂಬರು ಹಾಕಿ ಚೀಟಿ ಅಂಟಿಸಿದೆ. ಇನ್ನೂರ ಹನ್ನೊಂದರವರೆಗೆ ಬಂದಿದ್ದೆ. ಎದುರುಮನೆ ಟೈಲರಮ್ಮ ಗುಂಡಿ ಡಬ್ಬಿ ವಾಪಸ್ಸು ಕೊಡಲು ಬಂದವಳು ನೋಡಿ, ಸೊಂಟ ಹಿಡಿದುಕೊಂಡು ನಕ್ಕಳು. "ಯಜಮಾನರೇ, ಇದು ಬೋಲ್ಟು ನಟ್ಟಲ್ಲ. ನೂರಾ ನಲವತ್ತು ಕೊಡಿ ಅಂತ ಯಾರಾದ್ರೂ ಬಟ್ಟೆ ಕೇಳ್ತಾರಾ? ಕೈ ಬಣ್ಣ ಹುಡುಕುತ್ತೆ" ಅಂದಳು. ನಿನ್ನನ್ನು ಕೇಳದೆ ಮಾಡುತ್ತಿದ್ದೀರಲ್ಲ ಎಂದೂ ಕೇಳಿದಳು. ನಾನು ಅಂಟಿಸಿದ ಚೀಟಿಗಳನ್ನು ಒಂದೊಂದಾಗಿ ಕೀಳತೊಡಗಿದೆ.

ಆಮೇಲೆ ಅವಳು ಹೇಳಿದಂತೆ ನಡೆದುಕೊಂಡೆ. ಬಣ್ಣದ ಪ್ರಕಾರ ರಾಶಿ, ಒಂದೊಂದು ರಾಶಿಯಲ್ಲೂ ಗಾಢದಿಂದ ತಿಳಿಗೆ. ಮೊಳಕ್ಕಿಂತ ದೊಡ್ಡದನ್ನೆಲ್ಲ ಒಂದೇ ಅಳತೆಯ ರಟ್ಟಿಗೆ ಸುತ್ತಿ ಮಡಿಸಿ, ಪುಸ್ತಕದ ಹಾಗೆ ನಿಲ್ಲಿಸುವುದು. ಹಾಗೆ ನಿಲ್ಲಿಸಿದರೆ ಎಲ್ಲದರ ಬೆನ್ನೂ ಕಾಣುತ್ತದೆ, ಅಡಿಯದನ್ನು ಎಳೆಯಲು ಹೋಗಿ ಮೇಲಿನದು ಬೀಳುವುದಿಲ್ಲ. ಅಂಗೈಗಿಂತ ದೊಡ್ಡದು, ಮೊಳಕ್ಕಿಂತ ಸಣ್ಣದು ಡಬ್ಬಗಳಿಗೆ. ಅಂಚಿನ ಪಟ್ಟಿಗಳು ಸುರುಳಿ ಸುತ್ತಿ ಗಾಜಿನ ಭರಣಿಗೆ. ಅಂಗೈಗಿಂತ ಚಿಕ್ಕದನ್ನು ಎಸೆಯೋಣ ಎಂದೆ. ಟೈಲರಮ್ಮ ನನ್ನನ್ನು ನೋಡಿದ ನೋಟಕ್ಕೆ ಅದಕ್ಕೂ ಒಂದು ಡಬ್ಬ ಮಾಡಿದೆ.

ಈಗ ತಪ್ಪೊಪ್ಪಿಗೆಗಳು. ಹೊಸ ಬಟ್ಟೆ ತೊಳೆದಿಡಬೇಕು ಎಂದು ಕೇಳಿದ್ದೆ, ಕೆಂಪನ್ನೂ ಬಿಳಿಯನ್ನೂ ಒಂದೇ ಬಕೆಟ್ಟಿಗೆ ಹಾಕಿದೆ. ನಿನ್ನ ಹನ್ನೊಂದು ಬಿಳಿ ತುಂಡು ಈಗ ಗುಲಾಬಿ ರಾಶಿಯಲ್ಲಿವೆ. ಎರಡನೆಯದು ಇದಕ್ಕಿಂತ ದೊಡ್ಡದು. ರಟ್ಟು ಕತ್ತರಿಸಿದ್ದು ನಿನ್ನ ಬಟ್ಟೆ ಕತ್ತರಿಯಲ್ಲಿ, ಕಪ್ಪು ಹಿಡಿಕೆಯದ್ದು, ನನಗೆ ಮುಟ್ಟಲೂ ಬಿಡದ್ದು. ಟೈಲರಮ್ಮ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ತನ್ನ ಮನೆಗೇ ಒಯ್ದಳು. ಸಾಣೆ ಹಿಡಿಸಿದ್ದಾಳೆ, ಆದರೂ ಮೊದಲಿನ ಹಾಗೆ ಆಗಲ್ಲ ಅಂದಳು. ಕಾಗದದಲ್ಲೇ ಬೈದುಕೋ.

ಕಪಾಟು ಮಾಡಿಸಿಕೊಡಿ ಎಂದು ನೀನು ಅದೆಷ್ಟು ಸಲ ಕೇಳಿದ್ದೀಯೋ ಲೆಕ್ಕವಿಲ್ಲ. ಗೋಡೆ ತೇವ, ಮೊಳೆ ನಿಲ್ಲುವುದಿಲ್ಲ ಎಂದು ನಾನು ಹೇಳುತ್ತಾ ಬಂದೆ. ಹೋದ ವಾರ ಬಡಗಿಯನ್ನು ಕರೆಸಿದೆ. ಗೋಡೆಗೆ ಕೈ ಇಟ್ಟು ನೋಡಿ, ಬೆಂಡಿನ ಹಾಗೆ ಒಣಗಿದೆಯಲ್ಲ ಸಾರ್, ತೇವ ಎಲ್ಲಿ ಎಂದು ಕೇಳಿದ. ನನ್ನ ವರ್ಣನೆ ಕೇಳಿ ನಾಲ್ಕೂ ಗೋಡೆಗಾಗುವಷ್ಟು ಹಲಗೆ ತಂದಿದ್ದ. ಮೂರು ದಿನದ ಕೆಲಸ ಎಂದವನು ಒಂದೇ ದಿನಕ್ಕೆ ಮುಗಿಸಿದ. ಕೊನೆಯ ಡಬ್ಬ ಮೇಲಿಟ್ಟು, ಕೈ ಒರೆಸಿಕೊಂಡು, "ಇಷ್ಟೇನಾ ಸಾರ್? ಒಂದು ಗೋಡೆ ಸಾಕಾಯ್ತಲ್ಲ. ಇದಕ್ಕೆ ಪೂರ್ತಿ ಕೋಣೆ ಯಾಕೆ ಬಿಟ್ಟಿದ್ರಿ?" ಅಂದ. ಅವನು ಸಹಜವಾಗಿಯೇ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು. ಉಳಿದ ಹಲಗೆಯನ್ನು ಅವನು ಹೊರುವಾಗ ಮುಖ ತೋರಿಸಲಾಗದೆ ಒಳಗೆ ಹೋಗಿ ಕೂತೆ.

ಕೋಣೆ ಈಗ ನೋಡಬೇಕು ನೀನು. ಕಿಟಕಿಯ ಎರಡು ಬಾಗಿಲೂ ತೆರೆಯುತ್ತವೆ. ಗುಬ್ಬಿ ಪರೀಕ್ಷೆಗೆ ಓದುವಾಗ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಸೂತ್ರಗಳು ಹಾಗೇ ಇವೆ. ಮೆಟ್ಟಿಲಿಲ್ಲ, ಬಚ್ಚಲು ನಾಲ್ಕೇ ಹೆಜ್ಜೆ, ಊರುಗೋಲು ಊರಿಕೊಂಡು ಆರಾಮಾಗಿ ಓಡಾಡಬಹುದು. ಬಡಗಿಯ ಕೈಯಲ್ಲೇ ಬಚ್ಚಲ ಗೋಡೆಗೆ ಒಂದು ಹಿಡಿಯನ್ನೂ ಹಾಕಿಸಿದೆ.

ಆದ್ದರಿಂದ ನಿನ್ನ ಅಪ್ಪಣೆಯನ್ನು ನಾನು ಪಾಲಿಸಿಲ್ಲ. ಒಂದು ಎಳೆಯೂ ಹೊರಗೆ ಹೋಗಿಲ್ಲ. ಆ ನೀಲಿ ಕೌದಿಯನ್ನು ಸೂಜಿ ಸಮೇತ ಮಡಿಸಿ ನಿನ್ನ ಕೈಗೆ ಸಿಗುವ ಎತ್ತರದಲ್ಲಿ ಇಟ್ಟಿದ್ದೇನೆ. ನೀನು ಬಂದು ಮುಗಿಸಬೇಕು.

ನಿನ್ನ ಮಂಡಿ ನೋವು ಹೇಗಿದೆ? ಆ ಸುರುಳಿ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ನೆನೆದರೆ ಊಟ ಸೇರುವುದಿಲ್ಲ. ತರಕಾರಿಯನ್ನು ಕೆಳಗಿನ ಅಂಗಡಿಯವನೇ ತಂದುಕೊಡುವ ಹಾಗೆ ಮಾಡಿಕೋ. ಗುಬ್ಬಿಗೆ ನನ್ನ ಆಶೀರ್ವಾದ ತಿಳಿಸು. ಮೂಳೆ ಬೇಗ ಕೂಡಲಿ, ಓಡಾಡುವ ಹಾಗಾಗಲಿ, ಮೊದಲಿನ ಹಾಗೆ ಜೋರಾಗಿ ನಗಲಿ. ನೀನೂ ಸುಖವಾಗಿರು.

ಇಂತಿ,
ನಿನ್ನ ಉಗ್ರಾಣದವನು

ತಾ.ಕ.: ಇಲ್ಲಿಗೆ ನಿಲ್ಲಿಸಿ ಲಕೋಟೆ ಅಂಟಿಸಬೇಕೆಂದಿದ್ದೆ. ಹರಿದುಹಾಕಿದ ನಾಲ್ಕು ಕಾಗದವೂ ಇಲ್ಲಿಗೇ ನಿಂತಿದ್ದವು.

ಇವಳ ಬಾಯಲ್ಲಿ ಇಂಥ ಮಾತು ಎಲ್ಲಿಂದ ಬಂತು ಎಂದು ಕೇಳಿದ್ದೀಯಲ್ಲ. ನನ್ನ ಬಾಯಿಂದ ಬಂತು.

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ನೀನು ಟೈಲರಮ್ಮನ ಮನೆಗೆ ಹೋಗಿದ್ದಾಗ ಗುಬ್ಬಿ ಫೋನು ಮಾಡಿದಳು. "ಅಪ್ಪಾ, ನಾನು ಆ ಮನೆ ಬಿಟ್ಟು ಬರ್ತಾ ಇದೀನಿ. ಸ್ವಲ್ಪ ದಿನ ನನ್ನ ಕೋಣೇಲಿ ಇರಲಾ?" ಎಂದು ಕೇಳಿದಳು. ಇನ್ನು ಮೂರು ವಾರಕ್ಕೆ ಕಾರ್ಖಾನೆಯವರು ನನ್ನನ್ನು ಬೀಳ್ಕೊಡುವ ಸಮಾರಂಭ ಇತ್ತು. ಎಲ್ಲರೂ ಮನೆಗೆ ಬರುತ್ತಾರೆ, ಮಗಳು ಗಂಡನನ್ನು ಬಿಟ್ಟು ಬಂದು ಕೂತಿದ್ದಾಳೆ ಎಂದು ಆಡಿಕೊಳ್ಳುತ್ತಾರೆ, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಹುಡುಕುವ ಮೊದಲೇ ಸ್ಟಾಕಿಲ್ಲ ಎಂದು ಹೇಳಿ ಅಭ್ಯಾಸವಾದ ಬಾಯಿ ನನ್ನದು. "ನಿನ್ನ ಕೋಣೆ ತುಂಬ ಅಮ್ಮನ ಬಟ್ಟೆ ಇದೆಯಲ್ಲಮ್ಮ, ಚಾಪೆ ಹಾಸೋಕೂ ಜಾಗ ಇಲ್ಲ. ಅವಳನ್ನ ಕೇಳೋಕೆ ಹೋಗಬೇಡ, ಬೇಜಾರು ಮಾಡ್ಕೋತಾಳೆ" ಅಂದೆ. ಅವಳು "ಸರಿ ಅಪ್ಪ" ಅಂದಳು. ಮರುವಾರ ಆ ಸುರುಳಿ ಮೆಟ್ಟಿಲಿನ ಕೋಣೆ ಹಿಡಿದಳು. ನೀನು ಕಾರಣ ಕೇಳಿದಾಗ, ಅವಳಿಗೆ ಒಂಟಿಯಾಗಿರಲು ಇಷ್ಟವಂತೆ ಎಂದು ನಿನಗೂ ಹೇಳಿದೆ.

ಆ ದಿನ ಕೋಣೆಯಲ್ಲಿ ಇದ್ದದ್ದು ನಿನ್ನ ಎರಡು ಡಬ್ಬ, ಒಂದು ಚೀಲ, ಅಷ್ಟೇ. ಆಮೇಲೆ ನೀನು ತಂದ ಒಂದೊಂದು ತುಂಡಿಗೂ ಗೊಣಗಿದೆ, ಒಳಗೊಳಗೇ ಸಮಾಧಾನಪಟ್ಟೆ. ರಾಶಿ ಬೆಳೆದಷ್ಟೂ ನನ್ನ ಸುಳ್ಳು ನಿಜವಾಗುತ್ತಾ ಬಂತು. ಕಪಾಟು ಮಾಡಿಸಿದರೆ ಜಾಗ ಕಂಡುಬಿಡುತ್ತದೆ ಎಂದೇ ಮಾಡಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಾಲ್ಕು ವರ್ಷ ಅವಳ ಮುನಿಸನ್ನು ನೀನು ಉಂಡೆ, ನಾನು ಪಕ್ಕದಲ್ಲಿ ಕೂತು ನೋಡಿದೆ.

ಇದನ್ನು ನೀನು ಓದಿ ಮುಗಿಸಿದ ಮೇಲೆ ಅವಳ ಕೈಗೆ ಕೊಡು. ನಿನಗೆ ಓದಿ ಹೇಳಲು ಕಷ್ಟವಾಗುತ್ತದೆ, ಅವಳೇ ಓದಿಕೊಳ್ಳಲಿ. ನನ್ನ ಹತ್ತಿರ ಮಾತು ಬಿಡುವುದಾದರೆ ಇಬ್ಬರೂ ಬಿಡಿ. ಆದರೆ ಅವಳನ್ನು ಕರೆದುಕೊಂಡು ಬಾ.

ರಾಶಿಯನ್ನೆಲ್ಲ ತೆಗೆದಾಗ ಅಡಿಯಲ್ಲಿ ಅವಳ ಮಂಚ ಸಿಕ್ಕಿತು. ಅದನ್ನು ನಾವು ಹೊರಗೆ ಹಾಕಿರಲೇ ಇಲ್ಲ, ಇಷ್ಟು ವರ್ಷವೂ ಅಲ್ಲೇ ಇತ್ತು. ಒರೆಸಿ ಹಾಸಿಗೆ ಹಾಸಿದ್ದೇನೆ. ಅದರ ಮೇಲೆ ಒಂದು ತುಂಡು ಬಟ್ಟೆಯನ್ನೂ ಇಟ್ಟಿಲ್ಲ.